ಡೋಲು, ನಾಟಕಕ್ಕೂ ಮಕ್ಕಳ ಆರೋಗ್ಯಕ್ಕೂ ಏನು ನಂಟು?

ಶಾಲೆಯಲ್ಲಿ ರಕ್ತಹೀನತೆ ಬಗ್ಗೆ ಕಿರುನಾಟಕ, ಕಾಲೇಜಿನಲ್ಲಿ ಡ್ರಗ್ಸ್ ವಿರುದ್ಧ ಬೀದಿನಾಟಕ. ಮಂಗಳೂರು, ಉಡುಪಿ ಕಡೆ ಇದೆಲ್ಲ ಈಗ ಮಾಮೂಲಿ. ಇದರಲ್ಲಿ ಯಾವುದು ಪ್ರಚಾರ, ಯಾವುದು ಕಲೆ, ಯಾರಿಗೆ ಉಪಯೋಗ ಅನ್ನೋದು ಮಾತ್ರ ಕಲಸುಮೇಲೋಗರ ಆಗಿದೆ.

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕದ ಮೂಲಕ ಮಕ್ಕಳಿಗೆ ಕಲಿಸಲು ಹೊರಟದ್ದು 1930ರ ದಶಕದಲ್ಲಿ. 1990ರ ಹೊತ್ತಿಗೆ ಊರೂರು ಸುತ್ತಿ ಹಾಡು, ನಾಟಕ ಆಡುವ ಸಾಕ್ಷರತೆಯ ಕಲಾಜಾಥಾ ಬಂತು, ಆಮೇಲೆ ಏಡ್ಸ್ ಜಾಗೃತಿಯ ಬೀದಿನಾಟಕ. ಕಾರಂತರ ಮಕ್ಕಳು ತಾವೇ ಕುಣಿದಿದ್ದರು. ನಂತರದ ಮಕ್ಕಳು ಹೆಚ್ಚಾಗಿ ಕೂತು ನೋಡಿದರು.

ಕರಾವಳಿಯ ಆದಿವಾಸಿಗಳಾದ ಕೊರಗರ ಡೋಲಿನ ಕತೆಯೇ ಬೇರೆ. ಅಜಲು ಎಂಬ ಜಾತಿ ಶೋಷಣೆಯ ಪದ್ಧತಿಯಲ್ಲಿ ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು, ಉಳಿದವರ ರೋಗರುಜಿನ ಅವರಿಗೆ ಹೋಗಲಿ ಅಂತ. ಕಂಬಳದ ಹಿಂದಿನ ರಾತ್ರಿ 'ಪನಿ ಕುಲ್ಲುನಿ': ಮಂಜಿನಲ್ಲಿ ಕೂತು ಡೋಲು ಬಾರಿಸಬೇಕಿತ್ತು. 2000ದಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಂದು ಅಜಲನ್ನು ನಿಷೇಧಿಸಿತು. ಅವಮಾನದ ಗುರುತನ್ನು ಇನ್ನು ಯಾಕೆ ಕೊರಳಿಗೆ ಹಾಕಿಕೊಳ್ಳಬೇಕು ಅಂತ ಕೇಳಿದವರಿದ್ದರು. ಆ ಪ್ರಶ್ನೆ ನ್ಯಾಯವೇ. ಆದರೂ ಸಮುದಾಯದ ಯುವಜನ ಡೋಲು, ಕೊಳಲು ಹಿಡಿದು ತಮ್ಮ ತಂಡ ಕಟ್ಟಿಕೊಂಡರು. ತಮ್ಮದೇ ಭೂಮಿ ಹಬ್ಬದಲ್ಲಿ ಬಾರಿಸುತ್ತಾರೆ. ಯಾರೋ ಕರೆದು ಬಾರಿಸು ಅನ್ನೋದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ? ಹಾಗಂತ ಡೋಲು ಹೊಟ್ಟೆ ತುಂಬಿಸುವುದಿಲ್ಲ. ಅಪೌಷ್ಟಿಕತೆ, ಕ್ಷಯ ಈ ಸಮುದಾಯವನ್ನು ಬಿಟ್ಟಿಲ್ಲ. ಸರ್ಕಾರ ಕೊಡುವ ಮೊಟ್ಟೆ, ಬೇಳೆ, ಎಣ್ಣೆ ಬೇಕೇ ಬೇಕು.

2014ರಲ್ಲಿ ಕೇಂದ್ರ ಸರ್ಕಾರದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. 10ರಿಂದ 19 ವರ್ಷದವರಿಗೆ ಓರಗೆಯವರೇ ತಿಳಿ ಹೇಳಬೇಕು ಅನ್ನೋದು ಅದರ ದಾರಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿಯೊಂದು 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ, ಕಲೆಯಿಂದ ಆರೋಗ್ಯಕ್ಕೆ ಉಪಯೋಗ ಇದೆ ಎಂದಿತು. ಕಲೆಗೆ ಹಣ ಕೇಳುವವರಿಗೆ ಬಲ ಬಂತು.

ಆದರೆ ಕಲೆಯನ್ನು ಬಳಸೋದು ಹೇಗೆ? ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನೇ ನೋಡಿ. 'ಮಾತ್ರೆ ನುಂಗಿ' ಅಂತ ಮಕ್ಕಳಿಂದ ಹಾಡಿಸೋದು ಸುಲಭ. ಬೆಳಿಗ್ಗೆ ಗಂಜಿಯೂ ಇಲ್ಲದೆ ಬಂದ ಹುಡುಗಿ ಖಾಲಿ ಹೊಟ್ಟೆಗೆ ಅದನ್ನು ತಗೊಂಡರೆ ಹೊಟ್ಟೆ ತೊಳಸುತ್ತದೆ. ಮುಂದಿನ ವಾರ ಮಾತ್ರೆ ಕಿಟಕಿಯಾಚೆ ಹೋಗುತ್ತದೆ. ಆ ಹುಡುಗಿಯೇ ದೃಶ್ಯ ಕಟ್ಟಿದರೆ ಗಂಜಿ ಇಲ್ಲದ ವಿಷಯವೂ ಹೊರಗೆ ಬರುತ್ತದೆ. ಟೀಚರ್ ಮಾತ್ರೆಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಡಬಹುದು. ಬೆಳಗಿನ ಹಸಿವಿಗೆ ಉತ್ತರ ಮೇಲಧಿಕಾರಿಗಳು ಕೊಡಬೇಕು.

ಇಂಥ ಕೆಲಸ ಒಂದು ದಿನದ ಶಿಬಿರದಲ್ಲಿ ಆಗೋದಲ್ಲ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಗುರುಗಳನ್ನಿಟ್ಟು ಯಕ್ಷಗಾನ ಕಲಿಸುತ್ತಿದೆ. ಹೆಜ್ಜೆ, ತಾಳ ಕೂರಲು ತಿಂಗಳುಗಳೇ ಬೇಕು. ಮನಸ್ಸು ಬಿಚ್ಚಿ ಮಾತಾಡಲೂ ಅಷ್ಟೇ. ಆದರೆ ಸಂಜೆ ತಾಲೀಮು ಇಟ್ಟರೆ ಬೈಂದೂರು, ಬೆಳ್ತಂಗಡಿಯ ಒಳಊರಿನ ಹುಡುಗಿಯರಿಗೆ ಬಸ್ಸು ತಪ್ಪುತ್ತದೆ. ಇಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಅದರಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ನಡೆಯುವುದಿಲ್ಲ. ತಾಲೀಮನ್ನು ಶಾಲೆಯ ವೇಳೆಯೊಳಗೇ ಇಡಬೇಕು, ಇಲ್ಲವೇ ಬಸ್ಸಿನ ಖರ್ಚನ್ನೂ ಬಜೆಟ್‌ನಲ್ಲಿ ಬರೆಯಬೇಕು.