ಹಕ್ಕಿಯ ಪುಟ್ಟ ಮೆದುಳಿನ ಬಗ್ಗೆ ನೂರು ವರ್ಷದ ತಪ್ಪು ಲೆಕ್ಕ

ಕಾಗೆಯ ಬಳಗಕ್ಕೆ ಸೇರಿದ ರೇವನ್ ಹಕ್ಕಿಯ ಮೆದುಳು ಸುಮಾರು 14 ಗ್ರಾಂ ತೂಗುತ್ತದೆ. ಅಷ್ಟರಲ್ಲೇ 200 ಕೋಟಿಗೂ ಜಾಸ್ತಿ ನರಕೋಶಗಳಿವೆ. ಇದು ಗೊತ್ತಾಗಿದ್ದು 2016ರಲ್ಲಿ. ಅದಕ್ಕೂ ಮೊದಲು ಬಹಳ ಕಾಲ, ಹಕ್ಕಿಗಳು ಹುಟ್ಟುಗುಣದಿಂದ ಮಾತ್ರ ನಡೆದುಕೊಳ್ಳುತ್ತವೆ, ಯೋಚಿಸುವುದಿಲ್ಲ ಎಂದೇ ವಿಜ್ಞಾನಿಗಳಲ್ಲಿ ಹೆಚ್ಚಿನವರು ನಂಬಿದ್ದರು.

ಈ ನಂಬಿಕೆಯ ಬೇರು ಜರ್ಮನಿಯ ನರವಿಜ್ಞಾನಿ ಲುಡ್ವಿಗ್ ಎಡಿಂಗರ್ ಅವರ ಕೆಲಸದಲ್ಲಿದೆ. ಸಸ್ತನಿಗಳ ಮೆದುಳಿನ ಹೊರಮೈಯಲ್ಲಿ ಪದರ ಪದರವಾದ ಕಾರ್ಟೆಕ್ಸ್ ಇರುತ್ತದೆ, ಯೋಚನೆಗೆ ಬೇಕಾದ ಭಾಗ ಅದು. ಹಕ್ಕಿಯ ಮುಮ್ಮೆದುಳಿನಲ್ಲಿ ಅಂಥ ಪದರ ಕಾಣಲಿಲ್ಲ, ಕೋಶಗಳು ಗುಂಪು ಗುಂಪಾಗಿದ್ದವು. ಹಾಗಾಗಿ ಅದರ ಬಹುಭಾಗ ಸ್ಟ್ರಯೇಟಮ್ ಎಂದು 1900ರ ಆಸುಪಾಸಿನಲ್ಲಿ ಎಡಿಂಗರ್ ತೀರ್ಮಾನಿಸಿದರು. ಸಸ್ತನಿಗಳಲ್ಲಿ ಸ್ಟ್ರಯೇಟಮ್ ಇರುವುದು ಕಾರ್ಟೆಕ್ಸಿನ ಕೆಳಗೆ, ಆಳದಲ್ಲಿ. ಯೋಚನೆಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಆಗಿನ ತಿಳಿವಳಿಕೆ.

1960ರ ದಶಕದಲ್ಲಿ ಅಮೆರಿಕದ ಹಾರ್ವಿ ಕಾರ್ಟನ್ ಪಾರಿವಾಳದ ಮೆದುಳಿನಲ್ಲಿ ನೋಟ ಮತ್ತು ಶಬ್ದದ ನರಮಾರ್ಗಗಳನ್ನು ಹಿಂಬಾಲಿಸಿದರು. ಅವು ಸಸ್ತನಿಗಳ ಕಾರ್ಟೆಕ್ಸಿನಂತೆಯೇ ಜೋಡಣೆಯಾಗಿದ್ದ ಭಾಗಗಳನ್ನು ತಲುಪುತ್ತಿದ್ದವು. ಪುರಾವೆ ಕಣ್ಣೆದುರೇ ಇತ್ತು. ಆದರೂ ಹಕ್ಕಿಯ ಮೆದುಳಿನ ಭಾಗಗಳನ್ನು ಸ್ಟ್ರಯೇಟಮ್ ಎನ್ನುತ್ತಿದ್ದ ಹಳೆಯ ಹೆಸರುಗಳನ್ನು ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಬದಲಿಸಿದ್ದು 2004-05ರ ಹೊತ್ತಿಗೆ. ಇಷ್ಟು ತಡವಾಗಿದ್ದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅಷ್ಟರಲ್ಲಿ ಹಕ್ಕಿಗಳ ನಡವಳಿಕೆಯೇ ಬೇರೆ ಕತೆ ಹೇಳತೊಡಗಿತ್ತು. ನಿಕೋಲಾ ಕ್ಲೇಟನ್ ಮತ್ತು ಆಂಥೋನಿ ಡಿಕಿನ್ಸನ್ 1998ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಕಾಗೆಯ ಬಳಗದ್ದೇ ಆದ ಸ್ಕ್ರಬ್ ಜೇ ಹಕ್ಕಿಗಳಿಗೆ ಹುಳು, ಕಡಲೆಕಾಯಿ ಎರಡನ್ನೂ ಬಚ್ಚಿಡಲು ಬಿಟ್ಟರು. ಹುಳು ಅಂದರೆ ಅವಕ್ಕೆ ಇಷ್ಟ, ಆದರೆ ಅದು ಬೇಗ ಕೊಳೆಯುತ್ತದೆ. ಕೆಲವೇ ಗಂಟೆ ಕಳೆದಿದ್ದರೆ ಹಕ್ಕಿಗಳು ಹುಳುವನ್ನು ಹುಡುಕಿದವು. ದಿನಗಳೇ ಕಳೆದಿದ್ದರೆ ಕಡಲೆಕಾಯಿಯ ಜಾಗಕ್ಕೆ ಹೋದವು. ಏನನ್ನು, ಎಲ್ಲಿ, ಯಾವಾಗ ಇಟ್ಟೆ ಅನ್ನುವ ಮೂರೂ ನೆನಪಿರಬೇಕಲ್ವಾ? 2002ರಲ್ಲಿ ಆಕ್ಸ್‌ಫರ್ಡಿನಲ್ಲಿ ಬೆಟ್ಟಿ ಎಂಬ ನ್ಯೂ ಕ್ಯಾಲಿಡೋನಿಯಾದ ಕಾಗೆ ತಂತಿಯನ್ನು ಬಗ್ಗಿಸಿ, ಕೊಕ್ಕೆ ಮಾಡಿ ಆಹಾರ ಎತ್ತಿಕೊಂಡಿತು.

ಇಷ್ಟು ಚಿಕ್ಕ ಮೆದುಳಿಗೆ ಇದೆಲ್ಲ ಹೇಗೆ ಸಾಧ್ಯ? ಇದಕ್ಕೆ ಉತ್ತರದ ಒಂದು ಭಾಗ ಸಿಕ್ಕಿದ್ದು ನರವಿಜ್ಞಾನಿ ಸುಜಾನಾ ಹರ್ಕುಲಾನೊ-ಹೌಜೆಲ್ ರೂಪಿಸಿದ ವಿಧಾನದಿಂದ. ಮೆದುಳಿನ ಅಂಗಾಂಶವನ್ನು ದ್ರವವಾಗಿಸಿ, ಕೋಶಕೇಂದ್ರಗಳನ್ನು ಎಣಿಸುವುದು. 2016ರಲ್ಲಿ 28 ಜಾತಿಯ ಹಕ್ಕಿಗಳನ್ನು ಹೀಗೆ ಪರೀಕ್ಷಿಸಿದರು. ನೀಲಿ-ಹಳದಿ ಮಕಾವ್ ಗಿಳಿಯ ಮುಮ್ಮೆದುಳಿನಲ್ಲಿ ಸುಮಾರು 190 ಕೋಟಿ ನರಕೋಶಗಳಿದ್ದವು. ರೀಸಸ್ ಕೋತಿಯ ಮೆದುಳು ಮೂರು ಪಟ್ಟಿಗೂ ಜಾಸ್ತಿ ತೂಗುತ್ತದೆ, ಆದರೆ ಅದರ ಕಾರ್ಟೆಕ್ಸಿನಲ್ಲಿರುವುದು ಸುಮಾರು 170 ಕೋಟಿ. ಹಕ್ಕಿಯ ನರಕೋಶಗಳು ಚಿಕ್ಕವು, ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ. ಎಲ್ಲ ಹಕ್ಕಿಗಳಲ್ಲೂ ಒಂದೇ ಸಮ ಅಲ್ಲ. ಗಿಳಿ ಮತ್ತು ಹಾಡುಹಕ್ಕಿಗಳು ಮುಂದೆ, ಕೋಳಿ ಮತ್ತು ಪಾರಿವಾಳ ಹಿಂದೆ.

ಆದರೆ ಆ ಪಾರಿವಾಳವೂ ಕಡಿಮೆಯೇನಲ್ಲ. ಅದರ ಒಂದೊಂದು ನರಕೋಶ ಬಳಸುವ ಗ್ಲೂಕೋಸ್, ಸಸ್ತನಿಗಳ ನರಕೋಶಕ್ಕೆ ಬೇಕಾದುದರ ಸುಮಾರು ಮೂರನೇ ಒಂದು ಭಾಗ ಎಂದು 2022ರಲ್ಲಿ ಅಳೆದು ತೋರಿಸಿದ್ದಾರೆ. ಅಷ್ಟು ಕಡಿಮೆ ಖರ್ಚಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎನ್ನುವ ಹುಡುಕಾಟ ಈಗ ನಡೆದಿದೆ.