ಬೇಡದ ಸಾಮಾನಿನ ಕೋಣೆ

ಮನೆ ಕಟ್ಟಿಸುವವರು ನನ್ನ ಮೇಜಿನೆದುರು ಕೂತು ಅಡುಗೆಮನೆ, ದೇವರಮನೆ, ಕಾರು ನಿಲ್ಲಿಸೋ ಜಾಗ ಎಲ್ಲ ಮುಗಿಸಿದ ಮೇಲೆ ಕೊನೆಗೊಂದು ಬೇಡಿಕೆ ಬರುತ್ತದೆ. "ಕೆಲಸದವಳಿಗೂ ಒಂದು ರೂಮ್ ಇರ್ಲಿ. ಹಾಗೇ ಹಳೇ ಸೂಟ್‌ಕೇಸು, ಬೇಡದ ಸಾಮಾನು ಇಡೋಕೂ ಆಗ್ಬೇಕು." ಆರಡಿಗೆ ಏಳಡಿ. ಯುಟಿಲಿಟಿ ದಾಟಿ ಹೋಗಬೇಕು, ಕಿಟಕಿ ಡಕ್ಟಿನ ಕಡೆಗೆ. ಇಪ್ಪತ್ತು ವರ್ಷದಲ್ಲಿ ಇಂಥ ಎಷ್ಟು ಕೋಣೆಗಳಿಗೆ ಗೆರೆ ಎಳೆದಿದ್ದೇನೋ ಲೆಕ್ಕವಿಲ್ಲ. ಅದರ ಬಾಗಿಲು ತೆಗೆದು ಒಳಗೆ ಇಣುಕಿದ್ದು ಮಾತ್ರ ಬ್ರೆಜಿಲಿನ ಒಂದು ಕಾದಂಬರಿಯಲ್ಲಿ.

ಕ್ಲಾರಿಸ್ ಲಿಸ್ಪೆಕ್ಟರ್ 1964ರಲ್ಲಿ ಪ್ರಕಟಿಸಿದ 'ದಿ ಪ್ಯಾಶನ್ ಅಕಾರ್ಡಿಂಗ್ ಟು ಜಿ.ಎಚ್.' ಅದು. ರಿಯೊ ನಗರದ ಒಂದು ಕಟ್ಟಡದ ಮೇಲಂತಸ್ತು. ಜಿ.ಎಚ್. ಅನ್ನೋ ಶಿಲ್ಪಿ ಅಲ್ಲಿ ಒಬ್ಬಳೇ ಇರುತ್ತಾಳೆ. ಹಿಂದಿನ ದಿನ ಕೆಲಸದವಳು ಬಿಟ್ಟುಹೋಗಿದ್ದಾಳೆ. ಆ ಕೋಣೆ ಗಲೀಜಾಗಿರುತ್ತದೆ, ಅಲ್ಲಿಂದಲೇ ಮನೆ ಗುಡಿಸಲು ಶುರು ಮಾಡೋಣ ಎಂದು ಹೋಗುತ್ತಾಳೆ. ಹಳೆ ಬಟ್ಟೆ, ಪೆಟ್ಟಿಗೆ, ಪೇಪರು ತುಂಬಿಡುವ ಜಾಗವೂ ಅದೇ. ಬಾಗಿಲು ತೆಗೆದರೆ ಕೋಣೆ ಥಳಥಳ, ಬೆಳಕು ಕಣ್ಣು ಕುಕ್ಕುತ್ತದೆ. ಗೋಡೆ ಮೇಲೆ ಇದ್ದಲಿನಲ್ಲಿ ಬರೆದ ಒಂದು ಗಂಡು, ಒಂದು ಹೆಣ್ಣು, ಒಂದು ನಾಯಿ. ಕೆಲಸದವಳು ತನ್ನನ್ನು ಹೀಗೆ ಕಂಡಿದ್ದಳೇ ಎಂದು ಒಡತಿಗೆ ಅನುಮಾನ. ಕೆಲಸದವಳ ಮುಖ ನೆನಪಿಸಿಕೊಳ್ಳಲು ಹೋದರೆ ತಕ್ಷಣಕ್ಕೆ ಬರುವುದೇ ಇಲ್ಲ. ಆಮೇಲೆ ಕಪಾಟಿನಿಂದ ಒಂದು ಜಿರಳೆ ಹೊರಬರುತ್ತದೆ, ಕಾದಂಬರಿ ಎಲ್ಲೆಲ್ಲಿಗೋ ಹೋಗುತ್ತದೆ. ವಿಮರ್ಶಕರು ಆ ಜಿರಳೆಯ ಬಗ್ಗೆ ಬಹಳ ಬರೆದಿದ್ದಾರೆ. ನಾನು ಗೋಡೆಯ ಹತ್ತಿರವೇ ನಿಂತುಬಿಟ್ಟೆ.

ಆರ್ಕಿಟೆಕ್ಚರ್ ಓದಿದವರು ಬ್ರೆಜಿಲಿಗೆ ಹೋಗುವುದು ಬೇರೆ ಬಾಗಿಲಿಂದ. ಆಸ್ಕರ್ ನೀಮಾಯರ್ ಕಾಂಕ್ರೀಟಿನಲ್ಲಿ ಎಳೆದ ಬಳುಕು, ಲೂಸಿಯೊ ಕೋಸ್ಟಾ ಹಾಕಿದ ನಕ್ಷೆ, ಒಳನಾಡಿನ ಬಯಲಲ್ಲಿ ನಾಲ್ಕೇ ವರ್ಷದಲ್ಲಿ ಎದ್ದ ರಾಜಧಾನಿ ಬ್ರಸೀಲಿಯಾ. ಕಾಲೇಜಿನಲ್ಲಿ ನಮಗೆ ಅದು ಪುರಾಣ ಇದ್ದಂತೆ. ಆರಂತಸ್ತಿನ ಬ್ಲಾಕುಗಳು, ಕೆಳಗೆ ಬರೀ ಕಂಬ, ನೆಲವೆಲ್ಲ ಸಾರ್ವಜನಿಕರದ್ದು, ಮೇಲಿನ ಅಧಿಕಾರಿಯೂ ಕೆಳಗಿನ ಗುಮಾಸ್ತನೂ ಅಕ್ಕಪಕ್ಕ ಬದುಕಬೇಕು ಅನ್ನುವ ಆಸೆ. ಆದರೆ ಅದೇ ಫ್ಲ್ಯಾಟುಗಳ ನಕ್ಷೆ ತೆಗೆದು ನೋಡಿ: ಅಡುಗೆಮನೆಯ ಹಿಂದೆ ಕೆಲಸದವಳ ಕೋಣೆ ಇದ್ದೇ ಇದೆ. ಊರು ಕಟ್ಟಿದ ಕೂಲಿಗಳಿಗೆ ಆ ನಕ್ಷೆಯಲ್ಲಿ ಜಾಗವಿರಲಿಲ್ಲ. ಉದ್ಘಾಟನೆಗೆ ಎರಡು ವರ್ಷ ಮೊದಲೇ, 1958ರಲ್ಲಿ, ಅವರಿಗೆಂದು ದೂರದಲ್ಲಿ ಟಾಗ್ವಾಟಿಂಗಾ ಎಂಬ ಊರು ಹುಟ್ಟಿತು. 1971ರಲ್ಲಿ ಇನ್ನಷ್ಟು ಜನರನ್ನು ಎಬ್ಬಿಸಿ ಕಳಿಸಿದ ಜಾಗದ ಹೆಸರು ಸೇಲಾಂಡಿಯಾ. 'ಒತ್ತುವರಿ ನಿರ್ಮೂಲನ ಅಭಿಯಾನ' ಅನ್ನುವುದರ ಪೋರ್ಚುಗೀಸ್ ಮೊದಲಕ್ಷರಗಳನ್ನೇ ಊರಿನ ಹೆಸರಿಗೆ ಅಂಟಿಸಿದ್ದಾರೆ. ಎಬ್ಬಿಸಿದ ನೋಟೀಸೇ ವಿಳಾಸವಾಯಿತು.

ಬ್ರಸೀಲಿಯಾ ಉದ್ಘಾಟನೆಯಾದದ್ದು 1960ರ ಏಪ್ರಿಲ್ 21ಕ್ಕೆ. ಅದೇ ವರ್ಷ ಸಾವೊ ಪಾವ್ಲೊ ನಗರದಲ್ಲಿ ಒಂದು ದಿನಚರಿ ಪ್ರಕಟವಾಯಿತು. ಬರೆದವಳು ಕರೋಲಿನಾ ಮರಿಯಾ ದೆ ಜೆಸುಸ್, ಟಿಯೆಟೆ ನದಿಯ ಅಂಚಿನ ಕನಿಂಡೆ ಎಂಬ ಫವೇಲಾದಲ್ಲಿ, ಅಂದರೆ ಕೊಳೆಗೇರಿಯಲ್ಲಿ, ಮೂರು ಮಕ್ಕಳೊಂದಿಗೆ ಇದ್ದ ಕಪ್ಪು ಹೆಂಗಸು. ಶಾಲೆಗೆ ಹೋಗಿದ್ದು ಎರಡೇ ವರ್ಷ. ಬೀದಿಯಲ್ಲಿ ರದ್ದಿ ಕಾಗದ ಆಯ್ದು ಮಾರುತ್ತಿದ್ದಳು, ಆ ರಾಶಿಯಲ್ಲಿ ಸಿಕ್ಕ ನೋಟ್‌ಬುಕ್ಕುಗಳಲ್ಲೇ ಬರೆಯುತ್ತಿದ್ದಳು. ಪುಸ್ತಕದ ಹೆಸರು 'ಕ್ವಾರ್ಟು ದೆ ದೆಸ್ಪೇಜು'. ಕನ್ನಡದಲ್ಲಿ ಹೇಳಬೇಕೆಂದರೆ ಬೇಡದ ಸಾಮಾನಿನ ಕೋಣೆ. ಅವಳ ಪ್ರಕಾರ ನಗರವೊಂದು ಮನೆಯಾದರೆ ಪೇಟೆ ಅದರ ಹಜಾರ, ಫವೇಲಾ ಹಿಂದಿನ ಆ ಕೋಣೆ. ಇದನ್ನು ಓದಿದ ಮೇಲೆ ನನಗೆ ಮನೆ ಕಟ್ಟಿಸುವವರ ಆ ಕೊನೆಯ ಬೇಡಿಕೆ ಕಿವಿಗೆ ಬೇರೆ ರೀತಿ ಬೀಳತೊಡಗಿತು.

ಮೊದಲ ದಿನಚರಿ 1955ರ ಜುಲೈ 15ರದ್ದು. ಮಗಳ ಹುಟ್ಟುಹಬ್ಬ. ಒಂದು ಜೊತೆ ಶೂ ಕೊಡಿಸುವ ಆಸೆ, ಆದರೆ ದಿನಸಿಗೇ ದುಡ್ಡು ಸಾಲದು. ಕಸದಲ್ಲಿ ಸಿಕ್ಕ ಜೋಡನ್ನು ತೊಳೆದು ಹೊಲಿದು ತೊಡಿಸುತ್ತಾಳೆ. ಅಷ್ಟೇ, ಅಳುವುದಿಲ್ಲ. ಮೇ 13 ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದ ದಿನ. 1888ರಲ್ಲಿ, ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ಕೊನೆಗೆ. 1958ರ ಅದೇ ದಿನ ಮಳೆ ಸುರಿಯುತ್ತಿದೆ, ಮನೆಯಲ್ಲಿ ಕಾಳು, ಉಪ್ಪು ಬಿಟ್ಟರೆ ಏನೂ ಇಲ್ಲ. ಈಗಿನ ಗುಲಾಮಗಿರಿಯೊಂದಿಗೆ, ಅಂದರೆ ಹಸಿವಿನೊಂದಿಗೆ, ತಾನು ಹೋರಾಡಿದೆ ಎಂದು ಬರೆದು ಮುಗಿಸುತ್ತಾಳೆ. ರಾಜಧಾನಿ ಕಟ್ಟಿಸುತ್ತಿದ್ದ ಅಧ್ಯಕ್ಷ ಜುಸೆಲೀನೊ ಕುಬಿಚೆಕ್ ಬಗ್ಗೆಯೂ ಅವಳ ಮಾತಿದೆ. ಅವನಲ್ಲಿ ಪ್ರಯೋಜನಕ್ಕೆ ಬರುವುದು ದನಿ ಒಂದೇ, ಅರಮನೆಯೆಂಬ ಚಿನ್ನದ ಪಂಜರದಲ್ಲಿ ಹಾಡುವ ಹಕ್ಕಿ ಅವನು. ಹಸಿದ ಬೆಕ್ಕು ಪಂಜರವನ್ನೇ ನೋಡುತ್ತಿರುತ್ತದೆ, ಫವೇಲಾದವರೇ ಆ ಬೆಕ್ಕು. ರಾಜಕೀಯ ವಿಶ್ಲೇಷಣೆಯ ದಪ್ಪ ಪುಸ್ತಕಗಳಲ್ಲಿ ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಕಂಡಿಲ್ಲ. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಮುಂದಿನ ವರ್ಷವೇ ಅವಳ ಎರಡನೇ ದಿನಚರಿ ಬಂತು. ಅದರ ಹೆಸರು, ಮತ್ತೆ ಕನ್ನಡದಲ್ಲಿ, 'ಇಟ್ಟಿಗೆ ಮನೆ'. ಹಲಗೆ ಗುಡಿಸಲಿನಿಂದ ಇಟ್ಟಿಗೆ ಗೋಡೆಗೆ ಬಂದದ್ದೇ ಅವಳ ಪಾಲಿಗೆ ಪುಸ್ತಕದ ಹೆಸರಾಗುವಷ್ಟು ದೊಡ್ಡ ಸಂಗತಿ.

ಫವೇಲಾ ಅನ್ನುವ ಪದದ ಮೂಲವೂ ಒಂದು ಪುಸ್ತಕಕ್ಕೆ ಕರೆದೊಯ್ಯುತ್ತದೆ. ಈಶಾನ್ಯದ ಒಣನಾಡಿನಲ್ಲಿ ಬೆಳೆಯುವ ಮುಳ್ಳಿನ ಗಿಡ ಅದು. ಬಾಹಿಯಾ ರಾಜ್ಯದ ಕನೂಡೋಸ್ ಎಂಬಲ್ಲಿ ಸಂತನೊಬ್ಬನ ಹಿಂದೆ ಹೋದ ಬಡಜನ ಊರು ಕಟ್ಟಿಕೊಂಡಿದ್ದರು. ಹೊಸ ಗಣರಾಜ್ಯ ನಾಲ್ಕು ಸಲ ದಂಡೆತ್ತಿ ಹೋಗಿ 1897ರಲ್ಲಿ ಅದನ್ನು ನೆಲಸಮ ಮಾಡಿತು. ಎಂಜಿನಿಯರ್ ಮತ್ತು ಪತ್ರಕರ್ತ ಯೂಕ್ಲಿಡೆಸ್ ದಾ ಕುನ್ಯಾ 1902ರಲ್ಲಿ ಬರೆದ 'ಒಸ್ ಸೆರ್ತೋಯೆಸ್' ಆ ಯುದ್ಧದ ಕಥೆ. ಮೊದಲ ಭಾಗ ಪೂರ್ತಿ ಮಣ್ಣು, ಕಲ್ಲು, ಹವೆ. ಅಲ್ಲಿ ತೂಕಡಿಕೆ ಬರುತ್ತದೆ, ಹಾರಿಸಿ ಓದಿದರೂ ಪಾಪವಿಲ್ಲ. ಅಲ್ಲಿನ ಫವೇಲಾ ಗುಡ್ಡದ ಮೇಲೆ ಬೀಡುಬಿಟ್ಟಿದ್ದ ಸೈನಿಕರು ರಿಯೊಗೆ ಮರಳಿ, ಮನೆ ಕೊಡುತ್ತೇವೆಂದ ಸರಕಾರಕ್ಕೆ ಕಾದು, ಬಂದರಿನ ಹಿಂದಿನ ಗುಡ್ಡದಲ್ಲಿ ತಾವೇ ಗುಡಿಸಲು ಹಾಕಿ ಅದಕ್ಕೂ ಆ ಹೆಸರಿಟ್ಟರು.

ಆ ಗುಡ್ಡದ ಮಗ್ಗುಲಲ್ಲೇ ಲಿವ್ರಮೆಂಟೊ ಗುಡ್ಡ. 1839ರಲ್ಲಿ ಮಶಾದೊ ದೆ ಅಸಿಸ್ ಹುಟ್ಟಿದ್ದು ಅಲ್ಲಿ, ಬಿಡುಗಡೆಯಾದ ಗುಲಾಮರ ಮೊಮ್ಮಗನಾಗಿ. ಬ್ರೆಜಿಲಿನ ಸಾಹಿತ್ಯ ಅಕಾಡೆಮಿಯ ಮೊದಲ ಅಧ್ಯಕ್ಷನಾದವನು. ಎಲ್ಲರೂ ಅವನ ಕಾದಂಬರಿಗಳಿಂದ ಶುರು ಮಾಡಿ ಅನ್ನುತ್ತಾರೆ. ನಾನು 1906ರಲ್ಲಿ ಪುಸ್ತಕವಾಗಿ ಬಂದ ಒಂದು ಸಣ್ಣಕಥೆ ಕೊಡುತ್ತೇನೆ. ಕಾಂಡಿಡೊ ನೆವೆಸ್ ಓಡಿಹೋದ ಗುಲಾಮರನ್ನು ಹಿಡಿದುಕೊಟ್ಟು ಬದುಕುವವನು. ಬಾಡಿಗೆ ಕಟ್ಟಲಾಗದೆ ಮನೆ ಬಿಡಬೇಕಾಗುತ್ತದೆ. ಶ್ರೀಮಂತ ಮುದುಕಿಯೊಬ್ಬಳ ಮನೆಯ ಹಿಂದೆ, ಗಾಡಿಖಾನೆಯ ಪಕ್ಕದ ಕೋಣೆಯಲ್ಲಿ ಆಸರೆ. ಸಾಕಲಾಗದೆ ಹಸುಗೂಸನ್ನು ಅನಾಥಾಲಯಕ್ಕೆ ಬಿಡಲು ಹೊರಟವನಿಗೆ ದಾರಿಯಲ್ಲಿ ಅರ್ಮಿಂಡಾ ಕಾಣುತ್ತಾಳೆ, ತಲೆಯ ಮೇಲೆ ಬಹುಮಾನವಿರುವ ಬಸುರಿ ಗುಲಾಮಳು. ಬೇಡಿಕೊಂಡರೂ ಬಿಡದೆ ಒಡೆಯನ ಮನೆಗೆ ಎಳೆದೊಯ್ಯುತ್ತಾನೆ. ಆ ಮನೆಯ ನಡುದಾರಿಯ ನೆಲದ ಮೇಲೆ ಅವಳ ಗರ್ಭ ಇಳಿದುಹೋಗುತ್ತದೆ. ಇವನ ಮಗು ಉಳಿಯುತ್ತದೆ. ಮಶಾದೊ ದನಿ ಏರಿಸುವುದೇ ಇಲ್ಲ, ಲೆಕ್ಕ ಒಪ್ಪಿಸುವವನಂತೆ ಹೇಳಿ ಎದ್ದುಹೋಗುತ್ತಾನೆ.

ಇದಕ್ಕೆ ಎದುರಾಗಿ ಜಿಲ್ಬೆರ್ಟೊ ಫ್ರೇರೆಯನ್ನು ಇಟ್ಟುಕೊಳ್ಳಿ. ಅವನ ಪ್ರಸಿದ್ಧ ಪುಸ್ತಕ, 1933ರದ್ದು, ಹೆಸರಿನಲ್ಲೇ ಎರಡು ಕಟ್ಟಡ: 'ದೊಡ್ಡಮನೆ ಮತ್ತು ಗುಲಾಮರ ಕೊಟ್ಟಿಗೆ'. ಕಬ್ಬಿನ ತೋಟದ ಒಡೆಯನ ಮನೆಯ ನಕ್ಷೆಯಲ್ಲಿ ಇಡೀ ಸಮಾಜ ಅಡಗಿದೆ ಎಂದು ತೋರಿಸಿದ ಮೊದಲಿಗ. ಅಡುಗೆ, ಜೋಗುಳ, ಭಾಷೆ ಎಲ್ಲದರಲ್ಲೂ ಆಫ್ರಿಕಾ ಬೆರೆತಿದೆ ಎಂದು ರುಚಿಕಟ್ಟಾಗಿ ಬರೆಯುತ್ತಾನೆ. ಆದರೆ ಜಗುಲಿಯ ಮೇಲೆ ಕೂತವನಿಗೆ ಕಂಡಷ್ಟೇ ಅಂಗಳ ಅದರಲ್ಲಿದೆ. ಬೆರೆತದ್ದಕ್ಕೆ ಚಾಟಿಯೂ ಕಾರಣ ಎಂಬುದನ್ನು ಅವನು ಸಕ್ಕರೆ ಹಾಕಿ ನುಂಗಿಸುತ್ತಾನೆ ಎಂದು ಅಲ್ಲಿಯವರೇ ತರಾಟೆಗೆ ತೆಗೆದುಕೊಂಡಿದ್ದಾರೆ. ನಾನೂ ಆ ಕಡೆಯವಳೇ. ದೊಡ್ಡಮನೆ ಅಪಾರ್ಟ್‌ಮೆಂಟಾದಾಗ ಕೊಟ್ಟಿಗೆ ಅಡುಗೆಮನೆಯ ಹಿಂದಕ್ಕೆ ಬಂತು, ಒಡೆಯರಿಗೊಂದು ಆಳುಗಳಿಗೊಂದು ಎಂದಿದ್ದ ಎರಡು ಬಾಗಿಲು ಎರಡು ಲಿಫ್ಟ್ ಆದವು. ಲಿಫ್ಟಿನಲ್ಲಿ ಬಣ್ಣ, ಲಿಂಗ ನೋಡಿ ಭೇದ ಮಾಡಿದರೆ ದಂಡ ಎಂಬ ಫಲಕ ಹಾಕಿಸಲು ಸಾವೊ ಪಾವ್ಲೊ ನಗರ 1996ರಲ್ಲಿ ಕಾನೂನೇ ತರಬೇಕಾಯಿತು. ಮನೆಗೆಲಸದವರಿಗೆ ವಾರಕ್ಕೆ 44 ಗಂಟೆಯ ಮಿತಿ, ಹೆಚ್ಚು ದುಡಿದರೆ ಹೆಚ್ಚು ಕೂಲಿ ಎಂದು ಸಂವಿಧಾನ ತಿದ್ದಿದ್ದು 2013ರಲ್ಲಿ.

ಮಿಲಿಟರಿ ಆಳ್ವಿಕೆಯ ಕಾಲ, 1964ರಿಂದ 85, ಅದಕ್ಕೂ ನನ್ನ ಹತ್ತಿರ ಒಂದು ಮನೆ ಇದೆ. ರಿಯೊದ ಲೆಬ್ಲೊನ್ ಕಡಲದಂಡೆಯ ಮನೆಯಿಂದ 1971ರ ಜನವರಿಯಲ್ಲಿ ಮಾಜಿ ಸಂಸದ ರೂಬೆನ್ಸ್ ಪೈವಾ ಅವರನ್ನು ಕರೆದೊಯ್ದರು, ಅವರು ಮರಳಲಿಲ್ಲ. ಮರಣ ಪ್ರಮಾಣಪತ್ರ ಕೈಗೆ ಬರಲು 1996 ಆಯಿತು. ಮಗ ಮಾರ್ಸೆಲೊ ಬರೆದ 'ಐಂಡಾ ಎಸ್ತೋ ಅಕಿ'ಯಿಂದ ಆದ ಸಿನಿಮಾ 2025ರಲ್ಲಿ ಆಸ್ಕರ್ ಗೆದ್ದದ್ದರಿಂದ ಈಗ ಪುಸ್ತಕ ಸುಲಭವಾಗಿ ಸಿಗುತ್ತದೆ. ಅದನ್ನು ಓದುವಾಗ ಇನ್ನೊಂದು ನೆನಪಿರಲಿ: ಅದೇ ಲೆಬ್ಲೊನ್‌ನಲ್ಲಿ ಪ್ರಾಯಾ ದೊ ಪಿಂಟೊ ಎಂಬ ಫವೇಲಾ ಇತ್ತು. 1969ರಲ್ಲಿ ಬೆಂಕಿ ಬಿತ್ತು, ಜನರನ್ನು ದೂರ ಸಾಗಿಸಿದರು, ಆ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು.

ಈಚಿನವರಲ್ಲಿ ಒಬ್ಬರನ್ನೇ ಆರಿಸು ಎಂದರೆ ಇತಮಾರ್ ವಿಯೇರಾ ಜೂನಿಯರ್. ಭೂ ಸುಧಾರಣೆ ಇಲಾಖೆಯಲ್ಲಿ ಕೆಲಸ ಮಾಡಿದ ಭೂಗೋಳ ತಜ್ಞ. 2019ರಲ್ಲಿ ಬ್ರೆಜಿಲಿನಲ್ಲಿ ಬಂದ, ಇಂಗ್ಲಿಷಿನಲ್ಲಿ 'ಕ್ರುಕೆಡ್ ಪ್ಲೌ' ಆಗಿರುವ ಅವರ ಕಾದಂಬರಿ ಅಜ್ಜಿಯ ಪೆಟ್ಟಿಗೆಯೊಳಗಿನ ಚಾಕುವಿನಿಂದ ಶುರುವಾಗುತ್ತದೆ. ಇಬ್ಬರು ಪುಟ್ಟ ಅಕ್ಕತಂಗಿಯರು ಅದನ್ನು ಬಾಯಿಗಿಟ್ಟುಕೊಳ್ಳುತ್ತಾರೆ, ಒಬ್ಬಳ ನಾಲಿಗೆ ಹೋಗುತ್ತದೆ. ಬಾಹಿಯಾದ ಒಳನಾಡಿನ ಎಸ್ಟೇಟು. ಗುಲಾಮಗಿರಿ ಮುಗಿದು ಎಷ್ಟೋ ದಶಕಗಳಾಗಿದ್ದರೂ ಕೂಲಿ ಇಲ್ಲ, ಇರಲು ಜಾಗ ಕೊಟ್ಟಿದ್ದೇ ಸಂಬಳ. ಅಲ್ಲಿ ಒಡೆಯನ ಒಂದು ಕಟ್ಟಳೆ: ಕಟ್ಟುವುದಾದರೆ ಮಣ್ಣಿನಲ್ಲೇ ಕಟ್ಟಬೇಕು, ಇಟ್ಟಿಗೆ ಮುಟ್ಟುವಂತಿಲ್ಲ. ಇಟ್ಟಿಗೆ ಉಳಿಯುತ್ತದೆ, ಎಷ್ಟು ವರ್ಷದಿಂದ ಇದ್ದೀರಿ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಮಣ್ಣು ಮಳೆಗೆ ಕರಗುತ್ತದೆ, ಮತ್ತೆ ಕಟ್ಟಿಕೊಳ್ಳುತ್ತಿರಬೇಕು.

ನಾನು ಮಣ್ಣಿನ ಪಕ್ಷಪಾತಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಪ್ಪತ್ತರ ದಶಕದಿಂದ ನಡೆದ ಮಣ್ಣಿನ ಬ್ಲಾಕುಗಳ ಕೆಲಸ ನೋಡಿ ಬೆಳೆದವಳು. ಬಂದವರಿಗೆಲ್ಲ ತಂಪು, ಅಗ್ಗ, ಪರಿಸರಕ್ಕೆ ಒಳ್ಳೆಯದು ಎಂದು ಹೇಳುತ್ತಾ ಬಂದಿದ್ದೇನೆ. ಈ ಕಾದಂಬರಿ ಮುಗಿಸಿದ ವಾರ ಸೈಟಿನಲ್ಲಿ ಹಾಗೆಯೇ ಒಬ್ಬರಿಗೆ ವಿವರಿಸುತ್ತಿದ್ದೆ. ಅವರು ಹೋದ ಮೇಲೆ ಕರಣೆ ತೊಳೆಯುತ್ತಿದ್ದ ಮೇಸ್ತ್ರಿ ಹೇಳಿದ: "ಚೆನ್ನಾಗಿರ್ತದೆ ಮೇಡಂ, ನಾನೇ ಕಟ್ಕೊಡ್ತೀನಿ. ನಮ್ಮಪ್ಪ ಮಾತ್ರ ಮಣ್ಣಿನ ಗೋಡೆ ಬಿಟ್ಟು ಆಚೆ ಬರೋಕೆ ಮೂವತ್ತು ವರ್ಷ ಕೂಲಿ ಮಾಡಿದ."