ಲಾರಿ ತಲುಪಿದರೂ ಔಷಧ ತಲುಪಿರುವುದಿಲ್ಲ

ಯುದ್ಧ ನಡೆಯುತ್ತಿರುವ ಊರಿನ ಆಸ್ಪತ್ರೆಗೆ ಔಷಧ ಮುಟ್ಟಿಸಲು ದೂರವೇ ದೊಡ್ಡ ಅಡ್ಡಿಯೆಂದು ಹಲವರು ಭಾವಿಸುತ್ತಾರೆ. ಔಷಧ ಸರಬರಾಜಿನಲ್ಲಿ ದುಡಿಯುವ ನಮ್ಮ ಚಿಂತೆ ಬೇರೆ: ಸರಕುಪಟ್ಟಿಯ ಯಾವ ಸಾಲಿನ ಮೇಲೆ ಯಾರು ಗೀಟು ಎಳೆಯುತ್ತಾರೆ?

2018ರ ಮಾರ್ಚ್ 5ರಂದು ಅಂತರ್ಯುದ್ಧದಲ್ಲಿದ್ದ ಸಿರಿಯಾದ ಪೂರ್ವ ಘೂತಾದಲ್ಲಿರುವ, ಆಗ ಬಂಡುಕೋರರ ಹಿಡಿತದಲ್ಲಿದ್ದು ಸರ್ಕಾರಿ ಪಡೆಗಳ ಮುತ್ತಿಗೆಗೆ ಸಿಕ್ಕಿದ್ದ ದೌಮಾ ಪಟ್ಟಣಕ್ಕೆ ನೆರವು ಹೊತ್ತ 46 ಲಾರಿಗಳು ಹೊರಟವು. ರಾಜಧಾನಿ ಡಮಾಸ್ಕಸ್‌ನಿಂದ ಅದು ಹತ್ತು ಹದಿನೈದು ಕಿಲೋಮೀಟರ್ ಅಷ್ಟೆ. ವೈದ್ಯಕೀಯ ಸಾಮಗ್ರಿಯಲ್ಲಿ ಶೇ. 70ರಷ್ಟನ್ನು ಸರ್ಕಾರಿ ಭದ್ರತಾ ಸಿಬ್ಬಂದಿ ತಪಾಸಣೆಯಲ್ಲೇ ತೆಗೆದುಹಾಕಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಧಿಕಾರಿಯೊಬ್ಬರು ಅಂದೇ ತಿಳಿಸಿದರು. ಗಾಯಾಳುಗಳ ಚಿಕಿತ್ಸೆಯ ಕಿಟ್‌ಗಳು, ಶಸ್ತ್ರಕ್ರಿಯೆಯ ಸಾಮಾನು, ಡಯಾಲಿಸಿಸ್ ಸಾಮಗ್ರಿ, ಇನ್ಸುಲಿನ್ ಎಲ್ಲವೂ ಹೀಗೆ ತೆಗೆದದ್ದರಲ್ಲಿದ್ದವು. ಉಳಿದದ್ದನ್ನೂ ಶೆಲ್ ದಾಳಿಯಿಂದಾಗಿ ಪೂರ್ತಿ ಇಳಿಸಲಾಗಲಿಲ್ಲ. ಗಾಯಗೊಂಡ ಎದುರಾಳಿ ಗುಣವಾಗಿ ಮತ್ತೆ ಬಂದೂಕು ಹಿಡಿದಾನೆಂಬ ಲೆಕ್ಕಾಚಾರ ಕ್ರೂರವಾದರೂ ಅರ್ಥವಾಗುತ್ತದೆ. ಆದರೆ ಮೂತ್ರಪಿಂಡ ಸೋತವರ ಡಯಾಲಿಸಿಸ್‌ಗೆ ಅಂಥ ಯಾವ ಲೆಕ್ಕಾಚಾರವನ್ನು ಹಚ್ಚುವುದೋ ನನಗೆ ಇಂದಿಗೂ ಹೊಳೆದಿಲ್ಲ.

ನಾಲ್ಕನೇ ಜಿನೀವಾ ಒಪ್ಪಂದದ 23ನೇ ವಿಧಿಯು ನಾಗರಿಕರಿಗೆ ಮೀಸಲಾದ ಔಷಧಕ್ಕೆ ದಾರಿ ಬಿಡಬೇಕೆನ್ನುತ್ತದೆ. ಸರಕು ಶತ್ರುವಿನ ಪಾಲಾಗುವ ಗಂಭೀರ ಶಂಕೆಯಿದ್ದರೆ ತಡೆಯಬಹುದೆಂದೂ ಅದೇ ವಿಧಿ ಸೇರಿಸುತ್ತದೆ. ಅದೂ ದೇಶ ದೇಶಗಳ ನಡುವಿನ ಯುದ್ಧಕ್ಕಾಗಿ ಬರೆದದ್ದು. ಅಂತರ್ಯುದ್ಧಕ್ಕೆ ಅನ್ವಯಿಸುವ 3ನೇ ವಿಧಿಯು ಗಾಯಾಳುಗಳನ್ನು ಆರೈಕೆ ಮಾಡಬೇಕೆನ್ನುತ್ತದೆಯೇ ಹೊರತು, ಅದಕ್ಕೆ ಬೇಕಾದ ಸಾಮಗ್ರಿಯ ಸಾಗಣೆಯ ಮಾತೆತ್ತುವುದಿಲ್ಲ.

ಈ ಗೀಟಿನಿಂದ ತಪ್ಪಿಸಿಕೊಳ್ಳುವ ಒಂದು ದಾರಿಯನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2014ರ ಜುಲೈನಲ್ಲಿ 2165ನೇ ನಿರ್ಣಯದ ಮೂಲಕ ತೆರೆಯಿತು: ಡಮಾಸ್ಕಸ್‌ನ ಸರ್ಕಾರದ ಒಪ್ಪಿಗೆಗೆ ಕಾಯದೆ, ನಾಲ್ಕು ಗಡಿದ್ವಾರಗಳ ಮೂಲಕ ನೆರವು ಒಳಬರಬಹುದು. 2020ರ ಜನವರಿಯಲ್ಲಿ ಅವು ಎರಡಕ್ಕಿಳಿದವು, ಜುಲೈನಲ್ಲಿ ಟರ್ಕಿ ಗಡಿಯ ಬಾಬ್ ಅಲ್-ಹವಾ ಒಂದೇ ಉಳಿಯಿತು. ಇರಾಕ್ ಗಡಿಯ ಯಾರೂಬಿಯಾ ದ್ವಾರ ಮುಚ್ಚಿದ್ದರಿಂದ ಈಶಾನ್ಯ ಸಿರಿಯಾಕ್ಕೆ ವಿಶ್ವಸಂಸ್ಥೆ ಕಳುಹಿಸುವ ಔಷಧ ಮತ್ತೆ ಡಮಾಸ್ಕಸ್‌ನ ಅನುಮತಿಗೇ ಕಾಯಬೇಕಾಯಿತು.

ಹೀಗಾಗಿ ಪ್ಯಾಕಿಂಗ್ ಎಂಬುದು ಬರಿಯ ಕೂಲಿಕೆಲಸವಲ್ಲ. ಅರಿವಳಿಕೆ ಔಷಧದ ಪೆಟ್ಟಿಗೆಯೊಂದನ್ನು ತಪಾಸಣೆಯಲ್ಲಿ ಇಳಿಸಿಕೊಂಡರೆ, ಮುಂದೆ ಹೋದ ಶಸ್ತ್ರಕ್ರಿಯೆಯ ಸಾಮಾನೆಲ್ಲ ಕೈಗೆ ಬಂದೂ ಕೆಲಸಕ್ಕೆ ಬಾರದು. ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಎಲ್ಲರೂ ಬಿಸಿಲಿಗೆ ಹೆದರುತ್ತಾರೆ; ಆದರೆ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ಜೋಡಿಸಿದರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುತ್ತದೆ, ಕರಗಿದ ಮೇಲೆ ಬರಿಗಣ್ಣಿಗೆ ಗೊತ್ತಾಗದಿರಬಹುದು. ಅಲುಗಿಸಿದಾಗ ಪ್ಯಾಕಿನೊಳಗೆ ನೀರು ಕುಲುಕುವ ಸದ್ದು ಕೇಳುವವರೆಗೆ ಕಾದು, ಆಮೇಲೆ ಜೋಡಿಸಬೇಕು. ಇಷ್ಟು ಜೋಪಾನ ಮಾಡಿದ ಪೆಟ್ಟಿಗೆಯ ಮುಚ್ಚಳವನ್ನು ತಪಾಸಣಾ ಠಾಣೆಯಲ್ಲಿ ತೆರೆದು ಎಷ್ಟು ಹೊತ್ತು ಇಟ್ಟಿದ್ದರೆಂಬುದು ಒಳಗಿನ ತಾಪಮಾಪಕದ ದಾಖಲೆಯಿಂದ ಮಾತ್ರ ತಿಳಿಯುತ್ತದೆ. ಆ ಕಡೆಯ ಔಷಧಗಾರರು ಬಾಟಲಿ ಎಣಿಸುವ ಮೊದಲು ನೋಡಬೇಕಾದದ್ದು ಅದನ್ನೇ.